ಸೋತ ಕರೆಂಟಿನಲ್ಲಿ ಹಿಡಿದ ದನಿ

ಮಾರ್ಚ್ ತಿಂಗಳ ಎರಡನೆಯ ಶನಿವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಮೂಡಿಗೆರೆ, ಶೇಖರಪ್ಪನವರ ಅಂಗಡಿಯ ಮಹಡಿ. ಹಾಜರಿದ್ದವರು: ಹಾಡಲು ಕಮಲಾಕ್ಷಿ, ಢೋಲಕ್‌ಗೆ ರಫೀಕ್, ಕೀಬೋರ್ಡಿಗೂ ಯಂತ್ರಕ್ಕೂ ನಾನು. ಮಳೆ ಇಲ್ಲ. ಕರೆಂಟು ಇದೆ.

ಟೇಪಿನ ಡಬ್ಬಿಯ ಮೇಲೆ ಹೀಗೆ ಬರೆದಿಡುವುದು ನನ್ನ ಪದ್ಧತಿಯಾಗಿತ್ತು. ಅವತ್ತು ಕರೆಂಟು ಇದೆ ಎಂದು ಬರೆದೆ, ಎಷ್ಟಿದೆ ಎಂದು ಬರೆಯಲಿಲ್ಲ. ನೋಡಲೂ ಇಲ್ಲ. ಅದರಿಂದ ಒಬ್ಬ ಹೆಂಗಸು ತನ್ನ ಹೆಸರನ್ನೂ ಗಂಟಲನ್ನೂ ಪಣಕ್ಕಿಡಬೇಕಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಉಳಿದದ್ದನ್ನು ಇದಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ನಾನು ಹುಟ್ಟಿದ್ದು ಸಿಲೋನಿನ ಚಹಾ ತೋಟದಲ್ಲಿ. ಅಜ್ಜನ ಕಾಲಕ್ಕೆ ಅಲ್ಲಿಗೆ ಹೋದ ತಮಿಳು ಕೂಲಿಗಳು ನಾವು. ತೋಟದ ಚರ್ಚಿನ ಶಾಲೆಯಲ್ಲಿ ಹಾರ್ಮೋನಿಯಂ ಕಲಿತೆ, ಹದಿನೇಳಕ್ಕೆ ಚಹಾ ಕಾರ್ಖಾನೆ ಸೇರಿದೆ. ಎಲೆ ಬಾಡಲು ಹಾಕಿದ್ದು ಎಷ್ಟು ಹೊತ್ತಿಗೆ, ತೆಗೆದದ್ದು ಎಷ್ಟು ಹೊತ್ತಿಗೆ, ಯಾರು ನಿಂತಿದ್ದರು, ಇವನ್ನೆಲ್ಲ ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಬೇಕಿತ್ತು. ಬರೆಯದಿದ್ದವನಿಗೆ ಅವತ್ತಿನ ಹಾಜರಿ ಇಲ್ಲ. ಎರಡು ಸರಕಾರಗಳು ಮಾತಾಡಿಕೊಂಡು ನಮ್ಮನ್ನು ಇಂಡಿಯಾದವರೆಂದು ಹಡಗು ಹತ್ತಿಸಿದಾಗ ನನಗೆ ಇಪ್ಪತ್ತಾರು. ಇಂಡಿಯಾ ನೋಡಿದ್ದು ಅದೇ ಮೊದಲು. ಅಲ್ಲಿ ಇಲ್ಲಿ ಅಲೆದು ಮೂಡಿಗೆರೆ ಕಡೆಯ ಕಾಫಿ ತೋಟವೊಂದರ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಬಂದು ನಿಂತೆ. ಕನ್ನಡ ಕಲಿತದ್ದು ಅಲ್ಲಿಯೇ, ಹಣ್ಣು ತೊಳೆಯುವವರ ಬೈಗುಳದಿಂದ ಶುರುಮಾಡಿ.

ಮದುವೆಗಳಲ್ಲಿ ಕೀಬೋರ್ಡ್ ನುಡಿಸಲು ಹೋಗುತ್ತಿದ್ದೆ. ಒಂದು ಮದುವೆಯಲ್ಲಿ ಸಿಲೋನಿನ ಬೈಲಾ ತಾಳ ಹಾಕಿದೆ. ಅಲ್ಲಿ ಮದುವೆ ಮನೆಗಳಲ್ಲಿ ಮುದುಕಿಯರೂ ಕುಣಿಯುವ ತಾಳ ಅದು. ಇಲ್ಲಿಯೂ ಕುಣಿದರು. ಆ ಗುಂಪಿನಲ್ಲಿದ್ದ ಶೇಖರಪ್ಪನವರು ಮರುದಿನ ಹೇಳಿಕಳುಹಿಸಿದರು. ಮೂಡಿಗೆರೆ ಪೇಟೆಯಲ್ಲಿ ಕೊಡೆ, ಟಾರ್ಚು, ಕಂಬಳಿ, ಕ್ಯಾಸೆಟ್ಟು ಮಾರುತ್ತಿದ್ದ ಮನುಷ್ಯ.

"ಮಾಸ್ಟ್ರೇ, ಬೆಂಗ್ಳೂರಿನ್ ಕ್ಯಾಸೆಟ್ ಮಾರಿ ಮಾರಿ ಸಾಕಾಯ್ತು. ನಮ್ಮೂರಿಂದೇ ಒಂದ್ ಮಾಡಿ. ಮಹಡಿ ಖಾಲಿ ಇದೆ."

ಧ್ವನಿ ಹಿಡಿಯುವ ಹಳೆಯ ರೀಲ್ ಯಂತ್ರವೊಂದನ್ನು ತಂದು, ಗೋಡೆಗೆಲ್ಲ ಅವರದೇ ಕಂಬಳಿ ಹೊಡೆದು, ಆ ಮಹಡಿಯಲ್ಲಿ ಕೆಲಸ ಶುರುಮಾಡಿದೆ. ತೊಂಬತ್ತರ ದಶಕದ ಮಧ್ಯದ ಮಾತು. ಹಾಡು ಬರೆಯುವುದು, ರಾಗ ಕೂಡಿಸುವುದು, ಧ್ವನಿ ಹಿಡಿಯುವುದು ಮೂರೂ ನಾನೇ. ಪೇಟೆಯವರು ಸಿಲೋನ್ ಮಾಸ್ಟ್ರು ಎನ್ನತೊಡಗಿದರು. ಊರಿನಲ್ಲಿ ನನಗೆ ಸಿಕ್ಕಿದ ಮೊದಲ ಮರ್ಯಾದೆ ಅದು. ಮುಂದೆ ಮಾಡಿದ ತಪ್ಪಿಗೂ ಈ ಮರ್ಯಾದೆಗೂ ಸಂಬಂಧವಿದೆ.

ಕಮಲಾಕ್ಷಿ ಗೋಣಿಬೀಡಿನ ಕಡೆಯ ಒಂದು ತೋಟದಲ್ಲಿ ಆಯಾ ಆಗಿದ್ದಳು. ಕಾಫಿ ಕೊಯ್ಯಲು ಹೋಗುವ ಹೆಂಗಸರ ಕೂಸುಗಳನ್ನು ದಿನವಿಡೀ ನೋಡಿಕೊಳ್ಳುವ ಕೆಲಸ. ವಯಸ್ಸು ಮೂವತ್ತೆಂಟು. ಗಂಡ ತೀರಿಕೊಂಡಿದ್ದ. ಎಂಟನೇ ಕ್ಲಾಸಿನ ಮಗಳು ಶುಭಾ ಜೊತೆ ತೋಟದ ಕೂಲಿಗಳ ಲೈನ್ ಮನೆಯಲ್ಲಿದ್ದಳು. ಅವಳ ದನಿ ಕೆಳಗಿನದು, ದಪ್ಪನೆಯದು. ಹತ್ತಿಪ್ಪತ್ತು ಮಕ್ಕಳನ್ನು ಒಟ್ಟಿಗೆ ಮಲಗಿಸುವ ದನಿ. ರಫೀಕ್ ಆ ತೋಟದ ಜೀಪು ರಿಪೇರಿಗೆ ಹೋದಾಗ ಕೇಳಿ ಬಂದು ನನಗೆ ಹೇಳಿದ. ಹಗಲು ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಸಂಜೆ ನನ್ನ ಢೋಲಕ್ ವಾದಕ ಅವನು.

ಮೊದಲ ದಿನವೇ ಅವಳು ನನ್ನ ಹಾಡನ್ನು ಅರ್ಧಕ್ಕೆ ನಿಲ್ಲಿಸಿದಳು. ಕಾಫಿ ಹೂವನ್ನು ಕಿತ್ತು ಹುಡುಗಿಯ ಮುಡಿಗೆ ಮುಡಿಸುತ್ತೇನೆ ಎಂದು ಹುಡುಗ ಹೇಳುವಂತೆ ಬರೆದಿದ್ದೆ.

"ಇದು ಹಾಡಕ್ಕಾಗಲ್ಲ ಮಾಸ್ಟ್ರೇ."

"ಯಾಕೆ? ಶ್ರುತಿ ಮೇಲಾಯಿತೇ?"

"ಶ್ರುತಿ ಅಲ್ಲ. ಕಾಫಿ ಹೂ ಯಾರಾದ್ರೂ ಕೀಳ್ತಾರಾ? ಒಂದ್ ಹೂ ಅಂದ್ರೆ ಒಂದ್ ಹಣ್ಣು. ಲೆಕ್ಕ ಬರೆಯೋ ರೈಟ್ರು ನೋಡಿದ್ರೆ ನಿಮ್ ಹುಡುಗನ್ ಚರ್ಮ ಸುಲೀತಾರೆ."

ರಫೀಕ್ ಢೋಲಕ್ಕಿನ ಮೇಲೆ ಬಿದ್ದು ನಕ್ಕ. "ಚಾ ತೋಟದವ್ರಿಗೆ ಹೂವಿನ್ ಬೆಲೆ ಏನ್ ಗೊತ್ತು ಮಾರಾಯ್ತಿ, ಬಿಡು."

ಅವಳೆಂದದ್ದು ಸರಿಯಾಗಿತ್ತು. ಚಹಾ ತೋಟದಲ್ಲಿ ನಾವು ಎಲೆ ಕಿತ್ತವರು, ಹೂವಿನ ಗೊಡವೆಗೆ ಹೋದವರಲ್ಲ. ಅಲ್ಲಿಯೇ ಕುಳಿತು ಸಾಲು ತಿದ್ದಿದೆ: "ಕೀಳಲಾರೆ ನಿನ್ನ, ಕೊಂಬೆಯಲ್ಲೇ ಇರು ಹೂವೆ." ಈ ಸಾಲಿನಿಂದಲೇ ಆ ಕ್ಯಾಸೆಟ್ಟು ಮಾರಾಟವಾಯಿತು. ಬರೆದವರಲ್ಲಿ ಅವಳ ಹೆಸರನ್ನೂ ಹಾಕಬೇಕಿತ್ತು. ಹಾಕಲಿಲ್ಲ.

ಧ್ವನಿ ಹಿಡಿಯುತ್ತಿದ್ದದ್ದು ಸಂಜೆ ಆರರಿಂದ ಎಂಟು. ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು ಅವಳು ಬರುವುದು ಅಷ್ಟು ಹೊತ್ತಿಗೆ. ಮಾರ್ಚ್ ತಿಂಗಳೆಂದರೆ ತೋಟಗಳಲ್ಲಿ ಹೂವರಳಿಸಲು ಸ್ಪ್ರಿಂಕ್ಲರ್ ಹೊಡೆಯುವ ಕಾಲ. ಕೆರೆಯ ಪಂಪುಗಳೆಲ್ಲ ತಿರುಗುತ್ತಿರುತ್ತವೆ, ಅದೇ ಹೊತ್ತಿಗೆ ಊರೆಲ್ಲ ದೀಪ ಹಾಕುತ್ತದೆ. ಕರೆಂಟು ಸೋಲುತ್ತದೆ, ಬಲ್ಬು ಕೆಂಪಗಾಗುತ್ತದೆ. ನನ್ನ ಯಂತ್ರದ ಮೋಟಾರು ಹಳೆಯದು. ಕರೆಂಟು ಸೋತರೆ ಅದೂ ಸೋತು ನಿಧಾನವಾಗಿ ತಿರುಗುತ್ತಿತ್ತು. ನಿಧಾನವಾಗಿ ತಿರುಗುವ ಟೇಪಿನ ಮೇಲೆ ಹಿಡಿದ ಹಾಡನ್ನು ಸರಿಯಾದ ವೇಗದಲ್ಲಿ ಕೇಳಿದರೆ ಹಾಡು ಚುರುಕಾಗುತ್ತದೆ, ದನಿ ಎತ್ತರಕ್ಕೇರುತ್ತದೆ. ಇದು ನನಗೆ ಆಗ ತಿಳಿಯಲಿಲ್ಲ. ಹಿಡಿದದ್ದನ್ನು ಅದೇ ಹೊತ್ತಿನಲ್ಲಿ, ಅದೇ ಸೋತ ಕರೆಂಟಿನಲ್ಲಿ ಕೇಳಿ ನೋಡುತ್ತಿದ್ದೆವು. ಆಗ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು.

ಪ್ರತಿ ಮಾಡಲು ಟೇಪನ್ನು ಮಂಗಳೂರಿಗೆ ಕಳುಹಿಸಿದೆವು. ಅಲ್ಲಿ ಕರೆಂಟು ಗಟ್ಟಿ. ಕ್ಯಾಸೆಟ್ಟು ಬಂದ ದಿನ ಅಂಗಡಿಯಲ್ಲಿ ಹಾಕಿದರೆ ಹದಿನೆಂಟು ವರ್ಷದ ಹುಡುಗಿಯ ದನಿ. ತಿಳಿ, ಚೂಪು, ಕುಣಿತ. ಶೇಖರಪ್ಪನವರು ಎದ್ದು ನಿಂತರು.

"ಏನ್ ಮಾಡಿದ್ರಿ ಮಾಸ್ಟ್ರೇ! ಆ ಆಯಮ್ಮನ್ನ ಹಿಂಗೆ ಮಾಡಿದ್ರಲ್ಲ!"

ನನಗೂ ಆಶ್ಚರ್ಯವಾಗಿತ್ತು. ಆದರೆ ಇದು ನನ್ನ ಸಂಗೀತ ಜೋಡಣೆಯ ಗುಣ ಎಂದು ನಂಬಿಕೊಂಡೆ. ಹೊಗಳಿಕೆ ಬಂದಾಗ ಕಾರಣ ಹುಡುಕಲಿಲ್ಲ. ಬೈಗುಳ ಬಂದಿದ್ದರೆ ಅವತ್ತೇ ಹುಡುಕುತ್ತಿದ್ದೆ.

ಆ ಬೇಸಿಗೆಯಲ್ಲಿ ಕಳಸದಿಂದ ಚಿಕ್ಕಮಗಳೂರಿನವರೆಗೆ ಬಸ್ಸು ಬಸ್ಸಿನಲ್ಲಿ ಆ ಹಾಡು. ಒಂದು ಆರ್ಕೆಸ್ಟ್ರಾದವರು ಕಮಲಾಕ್ಷಿಯನ್ನು ಕರೆದರು. ಅವಳು ನನ್ನನ್ನು ಕೇಳಿದಳು, "ಕೆಲ್ಸ ಬಿಡ್ಲಾ ಮಾಸ್ಟ್ರೇ? ಬಿಟ್ರೆ ಲೈನ್ ಮನೇನೂ ಬಿಡ್ಬೇಕು."

"ಬಿಡು," ಎಂದೆ. ಒಂದೇ ಮಾತಿನಲ್ಲಿ ಹೇಳಿದೆ.

ಅವಳು ಮಗಳನ್ನು ಕರೆದುಕೊಂಡು ಮೂಡಿಗೆರೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಳು. ಮೊದಲ ಕಾರ್ಯಕ್ರಮ ಆಲ್ದೂರಿನಲ್ಲಿ. ನಾನು ಹೋಗಿರಲಿಲ್ಲ, ರಫೀಕ್ ಹೋಗಿದ್ದ. ಅವಳು ಬಾಯಿ ತೆರೆದ ಮೊದಲ ಸಾಲಿಗೇ ಜನ ಮುಖ ಮುಖ ನೋಡಿಕೊಂಡರಂತೆ. ಆಮೇಲೆ ಕೂಗು ಶುರುವಾಯಿತು. "ಕ್ಯಾಸೆಟ್ ಹುಡುಗೀನ ಕರ್ಸ್ರೀ!" "ಡೂಪ್ಲಿಕೇಟ್!" ಆರ್ಕೆಸ್ಟ್ರಾದವರು ಹಾಡು ಮುಗಿಯುವ ಮೊದಲೇ ಅವಳನ್ನು ಇಳಿಸಿದರು. ಮೂರನೆಯ ದಿನಕ್ಕೆ ಪೇಟೆಯಲ್ಲಿ ಸುದ್ದಿ: ಹಾಡಿದ್ದು ಬೆಂಗಳೂರಿನ ಯಾವಳೋ, ಕ್ಯಾಸೆಟ್ಟಿನ ಮೇಲಿನ ಫೋಟೋ ಮಾತ್ರ ಇವಳದು.

ಅವಳು ಮಹಡಿಗೆ ಬಂದಳು. ಅಳಲಿಲ್ಲ. ಕಂಬಳಿ ಹೊಡೆದ ಗೋಡೆಗೆ ಒರಗಿ ನಿಂತಳು.

"ಒಂದ್ ಮಾತ್ ಕೇಳ್ತೀನಿ, ನಿಜ ಹೇಳಿ. ಅದು ನಾನಾ?"

"ನೀನಲ್ಲದೆ ಯಾರು?"

"ನಂಗೇ ಅನುಮಾನ ಬಂದ್ಬಿಟ್ಟಿದೆ. ಶುಭಾ ಕೂಡ ಕೇಳಿದ್ಲು, ಅಮ್ಮ, ಅದು ಯಾರು ಅಂತ."

ಅವಳು ಹೋದ ಮೇಲೆ ಕ್ಯಾಸೆಟ್ಟು ಹಾಕಿ ಜೊತೆಗೆ ಕೀಬೋರ್ಡ್ ನುಡಿಸಿ ನೋಡಿದೆ. ಕೀಬೋರ್ಡಿನ ಯಾವ ಸ್ವರದ ಮನೆಗೂ ಕೂಡಲಿಲ್ಲ. ಹಾಡು ಎರಡು ಮನೆಗಳ ನಡುವೆ ಎಲ್ಲಿಯೋ ನಿಂತಿತ್ತು, ನಾನು ನುಡಿಸಿದ್ದಕ್ಕಿಂತ ಒಂದೂವರೆ ಮನೆ ಮೇಲೆ. ಡಬ್ಬಿಗಳನ್ನು ಇಳಿಸಿ ಮೇಲೆ ಬರೆದಿದ್ದ ಹೊತ್ತು ಓದಿದೆ. ಭಾನುವಾರ ಬೆಳಿಗ್ಗೆ ಹಿಡಿದ ಒಂದು ಹಾಡು ಮಾತ್ರ ಕೀಬೋರ್ಡಿಗೆ ಸರಿ ಕೂಡಿತು. ಸಂಜೆಯವೆಲ್ಲ ಮೇಲೆ. ಅರ್ಧ ಗಂಟೆಯಲ್ಲಿ ಕಾರಣ ಗೊತ್ತಾಯಿತು.

ಅವತ್ತೇ ಹೋಗಿ ಹೇಳಿದ್ದರೆ ಈ ಬರಹ ಇಷ್ಟಕ್ಕೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಪರದೇಶದಿಂದ ಬಂದವನು ಊರಿಗೆ ಮೋಸ ಮಾಡಿದ ಎನ್ನುತ್ತಾರೆ ಎಂಬ ಭಯ. ಇಪ್ಪತ್ತು ವರ್ಷ ದುಡಿದು ಮಾಸ್ಟ್ರು ಅನ್ನಿಸಿಕೊಂಡದ್ದು ಒಂದು ದಿನದಲ್ಲಿ ಹೋಗುತ್ತದೆ ಎಂಬ ಭಯ. ಬದಲಿಗೆ ಅವಳಿಗೆ ಅಭ್ಯಾಸ ಹೇಳಿಕೊಟ್ಟೆ. ಬೆಳಿಗ್ಗೆ ಐದಕ್ಕೆ ಏಳು, ಬಿಸಿನೀರು ಕುಡಿ, ಮೇಲಿನ ಸ್ವರಗಳನ್ನು ಮುಕ್ಕಾಲು ಗಂಟೆ ಸಾಧನೆ ಮಾಡು, ವಾರಕ್ಕೆ ಅರ್ಧ ಮನೆ ಏರಿಸು. ಹಾಳೆಯಲ್ಲಿ ಗೆರೆ ಹಾಕಿ ದಿನವಾರು ಬರೆದುಕೊಟ್ಟೆ. ಮೂವತ್ತೆಂಟರ ಗಂಟಲನ್ನು ಹದಿನೆಂಟರ ಜಾಗಕ್ಕೆ ಎಳೆಯುವ ವೇಳಾಪಟ್ಟಿ ಅದು. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಎರಡನೆಯ ಕ್ಯಾಸೆಟ್ಟಿನ ಹೊತ್ತಿಗೆ ನಾನು ಕರೆಂಟು ಸಮ ಮಾಡುವ ಸ್ಟೆಬಿಲೈಜರ್ ತಂದಿದ್ದೆ. ಶೇಖರಪ್ಪನವರು ಮೆಟ್ಟಿಲ ಬಳಿ ನಿಂತು ಹೇಳಿದರು, "ಅದೇ ದನಿ ಬೇಕು ಮಾಸ್ಟ್ರೇ. ಬೇರೆ ಬಂದ್ರೆ ಯಾರೂ ಮುಟ್ಟಲ್ಲ." ನಾನು ಸ್ಟೆಬಿಲೈಜರಿನ ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಬಲ್ಬು ಕೆಂಪಗಾಗುವವರೆಗೆ ಕಾದು ಯಂತ್ರ ಹಚ್ಚಿದೆ. ರಫೀಕ್ ಪ್ಲಗ್ ನೋಡಿದ, ನನ್ನ ಮುಖ ನೋಡಿದ.

"ಮಾಸ್ಟ್ರೇ, ಮರ್ತ್ರಾ?"

"ಇಲ್ಲ. ನೀನು ಬಾರಿಸು."

ಅವನು ಬಾರಿಸಿದ. ಮುಗಿದ ಕೂಡಲೇ ಢೋಲಕ್ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಕ್ಯಾಸೆಟ್ಟು ಬಂತು. ಕಮಲಾಕ್ಷಿ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. "ಸಾಧನೆ ಫಲ ಕೊಡ್ತು ಮಾಸ್ಟ್ರೇ. ನೋಡಿ, ಏರಿದೆ!" ನಾನು ತಲೆಯಾಡಿಸಿದೆ. ಅವಳು ಸಾಧನೆಯನ್ನು ಒಂದೂವರೆ ಗಂಟೆಗೆ ಏರಿಸಿದಳು. ಬಾಳೂರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಧೈರ್ಯವಾಗಿ ಹೋದಳು. ಆ ಎತ್ತರಕ್ಕೆ ಎಳೆದಾಗ ಮೂರನೆಯ ಹಾಡಿನಲ್ಲಿ ದನಿ ಒಡೆಯಿತು. ಮರುದಿನ ಮಾತೇ ಹೊರಡಲಿಲ್ಲ.

ಚಿಕ್ಕಮಗಳೂರಿನ ಗಂಟಲು ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಧ್ವನಿತಂತುವಿನ ಮೇಲೆ ಗಂಟು ಬಂದಿದೆ ಎಂದರು. ಮೊದಲು ಪೂರ್ತಿ ಮೌನ, ಆಮೇಲೆ ಮೆಲ್ಲಗೆ ಮಾತು, ಹಾಡುವುದನ್ನು ಮರೆತುಬಿಡಿ. ಬಸ್ಸಿನಲ್ಲಿ ಬರುವಾಗ ಅವಳು ಶುಭಾಳ ಹಳೆಯ ನೋಟುಪುಸ್ತಕದಲ್ಲಿ ಬರೆದು ತೋರಿಸಿದಳು: "ಎಲ್ಲಿ ತಪ್ಪು ಮಾಡಿದೆ?"

ಆ ಪ್ರಶ್ನೆಗೆ ಉತ್ತರ ಬಸ್ಸಿನಲ್ಲಿಯೇ ಹೇಳಿದೆ. ಕರೆಂಟು, ಮೋಟಾರು, ಕೀಬೋರ್ಡು, ಕಿತ್ತಿಟ್ಟ ಪ್ಲಗ್ಗು, ಏನೂ ಬಿಡಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. ಆಲ್ದೂರು ದಾಟುವವರೆಗೆ ತಿರುಗಲೇ ಇಲ್ಲ. ಆಮೇಲೆ ಪುಸ್ತಕ ತೆಗೆದು ಬರೆದಳು. ಅಕ್ಷರ ದೊಡ್ಡದಾಗಿತ್ತು, ಬಸ್ಸಿನ ಕುಲುಕಾಟಕ್ಕೆ ಓರೆಯಾಗಿತ್ತು. "ಎಲ್ಲಿ ನನ್ನ ಇಳಿಸಿದ್ರೋ ಅಲ್ಲೇ ಹೇಳಿ."

ಶೇಖರಪ್ಪನವರಿಗೆ ಹೇಳಿದೆ. ಅವರು ಗಲ್ಲಾದ ಮೇಲೆ ಎರಡೂ ಕೈ ಊರಿ ಕೇಳಿದರು. "ಅವ್ಳಿಗೆ ಏನ್ ಬೇಕೋ ಕೊಡಣ ಮಾಸ್ಟ್ರೇ. ಊರ್ ಮುಂದೆ ಯಾಕ್ ಹೇಳ್ಬೇಕು? ನಿಮ್ ಹೆಸ್ರೂ ಹೋಗುತ್ತೆ, ನನ್ ಅಂಗ್ಡೀದೂ ಹೋಗುತ್ತೆ."

"ಅವಳಿಗೆ ಬೇಕಾದ್ದು ಅದೊಂದೇ ಶೇಖರಪ್ಪನವ್ರೇ."

"ಹಂಗಾದ್ರೆ ಮಹಡಿ ಬೀಗದ್ ಕೈ ಕೊಟ್ಬಿಟ್ಟು ಹೋಗಿ."

ಯಂತ್ರವನ್ನೂ ಟೇಪುಗಳನ್ನೂ ಇಳಿಸಿಕೊಂಡು ಕೊಟ್ಟೆ. ಅವರು ಕೆಟ್ಟವರಲ್ಲ. ಅದೇ ದನಿ ಬೇಕು ಎಂದರು, ನಿಜ. ಆದರೆ ಪ್ಲಗ್ ಕಿತ್ತದ್ದು ಅವರಲ್ಲ.

ಇಲ್ಲಿ ನಿಮಗೆ ಒಂದು ಮಾತು. ಎರಡು ಸಾವಿರ ಇಸವಿಯ ನಂತರ ನಾನೂ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರಿನ ಮೇಲೆ ಕೆಲಸ ಮಾಡಿದ್ದೇನೆ. ದನಿ ಏರಿಸಲು ಕರೆಂಟು ಸೋಲುವವರೆಗೆ ಕಾಯಬೇಕಾಗಿಲ್ಲ, ಒಂದು ಗುಂಡಿ ಸಾಕು. ಎಲ್ಲರೂ ಒತ್ತುತ್ತಾರೆ, ಒತ್ತಿದ್ದು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಅದು ಸುಳ್ಳೂ ಅಲ್ಲ ಎನ್ನುವವರಿದ್ದಾರೆ. ನಾನು ವಾದ ಮಾಡುವುದಿಲ್ಲ. ಹಾಡು ಹೊರಗೆ ಹೋಗುವ ಮೊದಲು ಹಾಡಿದವರನ್ನು ಕೂರಿಸಿ ಕೇಳಿಸುತ್ತಿದ್ದೆ. ಇದು ನೀವೇನಾ ಎಂದು ಕೇಳುತ್ತಿದ್ದೆ. ಹೌದು ಎಂದ ಮೇಲೆಯೇ ಹೊರಗೆ ಬಿಡುತ್ತಿದ್ದೆ. ಕೆಲವರು ಇಲ್ಲ ಎಂದರು. ಆ ಹಾಡುಗಳನ್ನು ಮತ್ತೆ ಮಾಡಿದೆ.

ನವೆಂಬರ್, ಮೊದಲ ಭಾನುವಾರ, ಬೆಳಿಗ್ಗೆ ಹನ್ನೊಂದು. ಸ್ಥಳ: ಆಲ್ದೂರು, ಹಿಂದೆ ಕಾರ್ಯಕ್ರಮ ನಡೆದಿದ್ದ ಶೆಡ್ಡು. ಹಾಜರಿದ್ದವರು: ಕಮಲಾಕ್ಷಿ, ಶುಭಾ, ರಫೀಕ್, ನಾನು. ಎದುರಿಗೆ ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ಅವತ್ತು ಕೂಗಿದವರೇ. ಅವಳಿದ್ದ ತೋಟದ ರೈಟರೂ ನಾಲ್ಕು ಹೆಂಗಸರೂ ಬಂದು ಹಿಂದೆ ನಿಂತಿದ್ದರು. ರಫೀಕ್ ಗ್ಯಾರೇಜಿನ ಡೀಸೆಲ್ ಜನರೇಟರನ್ನು ಜೀಪಿನಲ್ಲಿ ತಂದು ಶೆಡ್ಡಿನ ಹಿಂದೆ ಇಟ್ಟಿದ್ದ. ನಾನು ರೀಲ್ ಯಂತ್ರವನ್ನು ಅದಕ್ಕೆ ಸೇರಿಸಿದೆ.

ಮುಂದಿನ ಸಾಲಿನ ಒಬ್ಬ ಅಂಗಡಿಯವನು ಕೇಳಿದ, "ಏನ್ ಮಾಸ್ಟ್ರೇ, ಮ್ಯಾಜಿಕ್ ಶೋನಾ?"

"ಹೌದ್ ಮಾರಾಯ, ಟಿಕೀಟಿಲ್ಲ, ಕೂತ್ಕೋ," ಎಂದ ರಫೀಕ್, ಹಿಂದಿನಿಂದ.

ಮೊದಲು ಜನರೇಟರು ಪೂರ್ತಿ ವೇಗದಲ್ಲಿ. ಎಲ್ಲರಿಗೂ ಗೊತ್ತಿದ್ದ ಹುಡುಗಿಯ ದನಿ ಹಾಡಿತು. ಒಬ್ಬಿಬ್ಬರು ತಾಳ ಹಾಕಿದರು. "ರಫೀಕ್, ಇಳಿಸು," ಎಂದೆ. ಶೆಡ್ಡಿನ ಹಿಂದೆ ಎಂಜಿನ್ನಿನ ಸದ್ದು ತಗ್ಗಿತು. ಹಾಡು ನಿಲ್ಲಲಿಲ್ಲ. ಅದೇ ಸಾಲಿನ ನಡುವೆಯೇ ದನಿ ಮೆಟ್ಟಿಲಿಳಿದಂತೆ ಇಳಿಯಿತು, ಅಗಲವಾಯಿತು, ದಪ್ಪವಾಯಿತು. ಹೂವಿಗೆ ಕೊಂಬೆಯಲ್ಲೇ ಇರು ಎನ್ನುವ ಹೊತ್ತಿಗೆ ಹಾಡುತ್ತಿದ್ದವಳು ಹುಡುಗಿಯಾಗಿರಲಿಲ್ಲ. ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಜೋರಾಗಿ ಹೇಳಿದಳು, "ಅಯ್ಯೋ, ನಮ್ ಕಮ್ಲಕ್ಕ ಕಣ್ರೀ! ಮಕ್ಳನ್ನ ಮಲಗಿಸ್ತಿದ್ದ ದನಿ!"

ನಾನು ಎದ್ದು ಹೇಳಿದೆ. ಮೊದಲ ಕ್ಯಾಸೆಟ್ಟಿನಲ್ಲಿ ತಪ್ಪಿದ್ದು ಯಂತ್ರ, ಎರಡನೆಯದರಲ್ಲಿ ತಪ್ಪಿದ್ದು ನಾನು, ಗೊತ್ತಿದ್ದೇ ಮಾಡಿದೆ. ಹಾಡಿದ್ದು ಎರಡರಲ್ಲೂ ಇವಳೇ. ಇಷ್ಟೇ ಹೇಳಿದ್ದು. ಯಾರೋ "ಥೂ" ಎಂದರು. ಅದು ನನಗೆ ಬರಬೇಕಾದದ್ದೇ.

ಅಂಗಡಿಯವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹಂಗಾದ್ರೆ ಅವತ್ತು ನಾವು ಕೂಗಿದ್ದು..."

"ನನ್ನನ್ನೇ," ಎಂದಳು ಕಮಲಾಕ್ಷಿ. ಡಾಕ್ಟರು ಮೆಲುಮಾತಿಗೆ ಒಪ್ಪಿಗೆ ಕೊಟ್ಟು ಒಂದು ವಾರವಾಗಿತ್ತು. ಗಂಟಲು ಗೊಗ್ಗರಾಗಿತ್ತು, ಆದರೆ ಶೆಡ್ಡಿನ ಕೊನೆಯವರೆಗೆ ಕೇಳಿಸಿತು. "ಹಾಡಿದ್ದೂ ನಾನೇ, ನೀವು ಇಳಿಸಿದ್ದೂ ನನ್ನನ್ನೇ."

ತೋಟದ ರೈಟರು ಮುಂದೆ ಬಂದು, ಆಯಾ ಕೆಲಸಕ್ಕೆ ಇನ್ನೂ ಯಾರನ್ನೂ ಕಾಯಂ ಮಾಡಿಲ್ಲ, ಸೋಮವಾರ ಬಾ ಎಂದು ಅವಳಿಗೆ ಹೇಳಿ ಹೋದರು. ಅವಳು ಹೋದಳು, ನಿವೃತ್ತಿಯಾಗುವವರೆಗೂ ಅಲ್ಲಿಯೇ ಇದ್ದಳು. ಗಂಟಲು ಮಾತಿಗೆ ಸಾಕಾಯಿತು, ಹಾಡಿಗೆ ಸಾಕಾಗಲಿಲ್ಲ. ಮಕ್ಕಳಿಗೆ ಕತೆ ಹೇಳಿ ಮಲಗಿಸುತ್ತಿದ್ದಳಂತೆ. ನನ್ನನ್ನು ಎದುರಿಗೆ ಕಂಡಾಗ ಮಾತಾಡುತ್ತಿದ್ದಳು. ಮನೆಗೆ ಎಂದೂ ಕರೆಯಲಿಲ್ಲ.

ಜನ ಕರಗಿದರು. ರಫೀಕ್ ಜನರೇಟರು ನಿಲ್ಲಿಸಲು ಹೊರಟ. ಕಮಲಾಕ್ಷಿ ಕೈ ತೋರಿಸಿ ತಡೆದಳು.

"ಹಂಗೇ ಇರ್ಲಿ, ಏರಿಸ್ಬೇಡಿ. ಈ ದನೀಲೇ ಒಂದು ಕ್ಯಾಸೆಟ್ ಮಾಡ್ಕೊಡಿ. ಶುಭಾಗೆ."

ಬ್ಯಾಟರಿಯ ಟೇಪ್‌ರೆಕಾರ್ಡರು ಜೀಪಿನಲ್ಲಿತ್ತು. ರಫೀಕ್ ಎಂಜಿನ್ನಿನ ಪಕ್ಕದಲ್ಲಿ ಕುಳಿತು, ಸದ್ದು ಒಂದಿಷ್ಟೂ ಏರದ ಹಾಗೆ, ಇಳಿಯದ ಹಾಗೆ ವೇಗದ ಹಿಡಿಕೆಯನ್ನು ಹಿಡಿದುಕೊಂಡೇ ಇದ್ದ. ಎರಡೂ ಕ್ಯಾಸೆಟ್ಟಿನ ಹಾಡುಗಳನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ತಾಯಿ ಮಗಳು ಬೆಂಚಿನ ಮೇಲೆ ಕುಳಿತು ಪೂರ್ತಿ ಕೇಳಿದರು. ಶುಭಾ ಒಮ್ಮೆ ತಾಯಿಯ ಗಂಟಲಿನ ಮೇಲೆ ಬೆರಳಿಟ್ಟು ನೋಡಿದಳು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಮುಗಿಯಿತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಇದರ ಮೇಲೆ ಮತ್ತೆ ಯಾರೂ ಏನನ್ನೂ ಹಿಡಿಯದಂತೆ, ಕ್ಯಾಸೆಟ್ಟಿನ ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿದು ತೆಗೆದೆ. ಕಮಲಾಕ್ಷಿ ಆ ಎರಡು ತೂತುಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಕ್ಯಾಸೆಟ್ಟನ್ನು ಮಗಳ ಕೈಗೆ ಕೊಟ್ಟಳು.